ಕಿಟ್ಟದ ಲೆಕ್ಕ

ನೆಹರು ಗಂಜ್ ಅಂದರೆ ಕಲಬುರಗಿಯವರ ಕಣ್ಣಿಗೆ ಮೊದಲು ಬರುವುದು ತೊಗರಿ ಚೀಲ. ಆ ಚೀಲ ಎತ್ತುವ ಹಮಾಲರ ಹುಕ್ಕು, ಬೇಳೆ ಮಿಲ್ಲಿನ ಶಾಫ್ಟು, ಹೊಲದ ಕುರ್ಚಗಿ, ಕಮಲಾಪುರದ ಬಾಳೆತೋಟದ ಕೊಯ್ತಾ ಇವೆಲ್ಲ ಒಂದಲ್ಲ ಒಂದು ಸಲ ಬೆಂಕಿಯಲ್ಲಿ ಮಲಗಿ ಎದ್ದ ಉಕ್ಕು ಎಂಬುದು ಯಾರಿಗೂ ನೆನಪಾಗುವುದಿಲ್ಲ. ಕೆಳಗೆ ಮಾತಾಡುವ ಇಬ್ಬರಲ್ಲಿ ಒಬ್ಬರು ಗಂಜಿನ ಹಿಂದಿನ ಓಣಿಯಲ್ಲಿ ಕುಲುಮೆ ನಡೆಸುವ ಹಿರಿಯರು. ಇನ್ನೊಬ್ಬಾಕೆ ಡಿಪ್ಲೊಮಾ ಓದಿ, ಹುಮನಾಬಾದ್ ರಸ್ತೆಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಅಪ್ಪನ ಸಣ್ಣ ವರ್ಕ್‌ಶಾಪ್ ನೋಡಿಕೊಳ್ಳುವಾಕೆ.

ಕಪನೂರಿನಾಕೆ: ಕಾಕಾ, ಕಲ್ಲಿದ್ದಲಿನ ಸಹವಾಸ ಸಾಕಂತ ಕರೆಂಟಿನ ಭಟ್ಟಿ ತಂದೀವಿ. ಡಿಗ್ರಿ ಬರೋಬ್ಬರಿ ತೋರಸ್ತದ. ಆದ್ರ ಕುರ್ಚಗಿ ಹೊರಗ ತೆಗದ್ರ ಮೈತುಂಬ ಹಪ್ಪಳ ಎದ್ದಂಗ ಕಿಟ್ಟ. ನಿಮ್ಮ ಕುಲುಮ್ಯಾಗ ಇಷ್ಟು ಬರಂಗಿಲ್ಲಲ್ಲ, ಯಾಕ್ರಿ?

ಗಂಜಿನವರು: ನಿನ್ನ ಭಟ್ಟ್ಯಾಗ ಏನೇನದ ಹೇಳವ್ವ.

ಕಪನೂರಿನಾಕೆ: ಕಾಯಿಲ್ ಅದ, ಇಟ್ಟಂಗಿ ಅದ. ನಡುವ ಖಾಲಿ.

ಗಂಜಿನವರು: ಖಾಲಿ ಅಲ್ಲ, ಗಾಳಿ ತುಂಬೇದ. ಆ ಗಾಳ್ಯಾಗಿನ ಆಕ್ಸಿಜನ್ ತಿನ್ನಲಿಕ್ಕ ಒಳಗ ಯಾರದಾರ? ಇದ್ದಿಲಿಲ್ಲ, ಗ್ಯಾಸಿಲ್ಲ. ಇರೋದು ನಿನ್ನ ಕುರ್ಚಗಿ ಒಂದೇ. ಅದನ್ನೇ ತಿಂತದ. ತಿಂದು ಮುಗಿದ್ರ ಬಾಗಿಲ ಸಂದಿಯಿಂದ ಮತ್ತ ಹೊಸಾ ಗಾಳಿ ಬರ್ತದ.

ಕಪನೂರಿನಾಕೆ: ನಿಮ್ಮ ಕುಲುಮ್ಯಾಗ ಬ್ಲೋವರ್ ಹಚ್ಚಿ ಬೇಕಂತಲೇ ಗಾಳಿ ಊದ್ತೀರಿ. ನನಗಿಂತ ಹೆಚ್ಚು ಗಾಳಿ ನಿಮ್ಮಲ್ಲೇ ಅದ.

ಗಂಜಿನವರು: ಅದ. ಆದ್ರ ಅದು ಉಕ್ಕಿನ ಹತ್ರ ಬರೋ ಮೊದಲ ಕೆಂಡ ದಾಟಬೇಕು. ಕೆಳಗಿನ ಕೆಂಡಕ್ಕ ಬಡದ ಕೂಡ್ಲೆ ಅದರ ಜೀವ ಅರ್ಧ ಹೋಗ್ತದ. ಮ್ಯಾಲ ಏರಿದಂಗ ಆ ಹೊಗಿ ಮತ್ತ ಕೆಂಡಕ್ಕ ಹಾಯ್ದು ಬ್ಯಾರೆ ಗ್ಯಾಸ್ ಆಗ್ತದ. ಅದರ ಹೆಸರು ನಿನಗ ಗೊತ್ತು.

ಕಪನೂರಿನಾಕೆ: ಕಾರ್ಬನ್ ಮಾನಾಕ್ಸೈಡ್. ಕಬ್ಬಿಣಕ್ಕ ಆಕ್ಸಿಜನ್ ಕೊಡೋದಲ್ಲ, ಅದರಿಂದ ಕಸಗೊಳ್ಳೋ ಗ್ಯಾಸ್. ಭದ್ರಾವತ್ಯಾಗ 1923ರಾಗ ಇದ್ದಿಲು ಹಾಕಿ ಊದುಕುಲುಮೆ ಶುರು ಮಾಡಿದ್ರಲ್ಲ, ಅಲ್ಲಿ ಅದಿರಿನಿಂದ ಕಬ್ಬಿಣ ಬಿಡಿಸಿದ್ದೂ ಇದೇ ಗ್ಯಾಸ್.

ಗಂಜಿನವರು: ಹಂಗಾದ್ರ ನನ್ನ ಕೆಂಡದ ನಡುವಿನ ಜಾಗ ಒಂದು ಪುಟ್ಟ ಭದ್ರಾವತಿ ಅನ್ನು. ಅದಕ್ಕೇ ಕೆಂಡ ಗೇಣಿನ ಹತ್ರ ದಪ್ಪ ಇಡ್ತೀನಿ, ಉಕ್ಕು ಗಾಳಿಬಾಯಿಗೆ ತಾಗಸಂಗಿಲ್ಲ, ಮ್ಯಾಲಿಂದೂ ಕೆಂಡ ಮುಚ್ಚತೀನಿ. ಈಗಿನ ಹುಡುಗ್ರು ಬ್ಲೋವರ್ ಪೂರಾ ಬಿಟ್ಟು, ತೆಳ್ಳನ ಕೆಂಡದ ಮ್ಯಾಲ ಇಟ್ಟು, ಜಲ್ದಿ ಕೆಂಪಾತಂತ ಖುಷಿ ಪಡ್ತಾರ. ಕೆಂಡ ತಿಂದು ಉಳಿದ ಗಾಳಿ ನೇರ ಉಕ್ಕಿಗೆ ಹತ್ತತದ. ತಿದಿ ಇದ್ದಾಗ ಒತ್ತೋ ಕೈ ದಣೀತಿತ್ತು, ಗಾಳಿ ತಾನೇ ಕಡಿಮಿ ಆಗ್ತಿತ್ತು. ಬ್ಲೋವರ್‌ಗೆ ದಣಿವಿಲ್ಲ.

(ಕಿಟ್ಟಕ್ಕೆ ಬೆಂಕಿಯ ಕಾವೊಂದೇ ಕಾರಣ ಅನ್ನುವುದು ಮಂದಿಯ ನಂಬಿಕೆ. ಕಾವಿನ ಜೊತೆ ಗಾಳಿಯೂ ಸೇರಬೇಕು. ಇದನ್ನು ಒಪ್ಪದವರು ಡಿಗ್ರಿ ಮೀಟರ್ ನೋಡುತ್ತಾ ಕೂರುತ್ತಾರೆ, ಬಾಗಿಲ ಸಂದಿಯನ್ನು ನೋಡುವುದಿಲ್ಲ.)

ಕಪನೂರಿನಾಕೆ: ಈ ಹಪ್ಪಳ ಒಂದೇ ಪದರಲ್ಲ ಕಾಕಾ. 570 ಡಿಗ್ರಿ ದಾಟಿದ ಮ್ಯಾಲ ಮೂರು. ಉಕ್ಕಿಗೆ ಹತ್ತಿಕೊಂಡದ್ದು ವುಸ್ಟೈಟ್, ಅದರ ಮ್ಯಾಲ ಮ್ಯಾಗ್ನೆಟೈಟ್, ಎಲ್ಲಕ್ಕೂ ಹೊರಗ ತೆಳ್ಳಗ ಹೆಮಟೈಟ್. ಸಾವಿರ ಡಿಗ್ರಿಯಾಗ ನೂರಕ್ಕ 95 ಪಾಲು ವುಸ್ಟೈಟೇ ಇರ್ತದ. ಅದರ ಹರಳಿನ ಒಳಗ ಕಬ್ಬಿಣ ಕೂಡಬೇಕಾದ ಜಾಗ ಅಲ್ಲಲ್ಲಿ ಖಾಲಿ. ಆ ಖಾಲಿ ಜಾಗ ಹಿಡ್ಕೊಂಡು ಒಳಗಿನ ಕಬ್ಬಿಣ ಹೊರಗ ನಡ್ಕೊಂಡು ಬರ್ತದ. ಗಾಳಿ ಒಳಗ ನುಗ್ತದ ಅಂತ ನಾವು ತಿಳೀತೀವಿ. ಖರೇ ಅಂದ್ರ ಉಕ್ಕೇ ಗಾಳೀನ ಹುಡುಕ್ಕೊಂಡು ಹೊಂಟದ.

ಗಂಜಿನವರು: 570ರ ಕೆಳಗ?

ಕಪನೂರಿನಾಕೆ: ಕೆಳಗ ವುಸ್ಟೈಟ್ ನಿಲ್ಲಂಗಿಲ್ಲ. ಹದ ಇಳಿಸೋ ಮುಂದ ನೀವು ನೋಡ್ತೀರಲ್ಲ, ಮೊದಲ ಹುಲ್ಲಿನ ಬಣ್ಣ, ಆಮ್ಯಾಲ ಕಂದು, 300ರ ಹತ್ರ ನೀಲಿ, ಅದೂ ಇದೇ ಆಕ್ಸೈಡ್. ಭಾಳ ತೆಳ್ಳಗಿರೋದಕ್ಕ ಬಣ್ಣ ಕಾಣಸ್ತದ.

ಗಂಜಿನವರು: ನಾ ಆ ಬಣ್ಣ ನಂಬೇ ಅನ್ನ ಉಂಡವ. ಅದು ಕಿಟ್ಟದ ಕುಲದ್ದೇ ಅಂದ್ರ ಕಿಟ್ಟಕ್ಕ ಪೂರಾ ಬೈಯಲಿಕ್ಕ ಬರಂಗಿಲ್ಲ. ಆತು, ನೀ ಕಾಯಿಸೋದು ಹ್ಯಾಂಗ ಹೇಳು.

ಕಪನೂರಿನಾಕೆ: ಮುಂಜಾನೆ ತಣ್ಣನ ಭಟ್ಟ್ಯಾಗ ಎಲ್ಲಾ ಕುರ್ಚಗಿ ಜೋಡಸ್ತೀನಿ, ಸ್ವಿಚ್ ಹಾಕ್ತೀನಿ. ಇಎನ್-9 ಉಕ್ಕು. ಮಧ್ಯಾಹ್ನದೊಳಗ 840ಕ್ಕ ಬರ್ತದ. ಒಂದು ತಾಸು ಅಲ್ಲೇ ಬಿಟ್ಟು ಎಣ್ಣ್ಯಾಗ ಅದ್ದತೀವಿ.

ಗಂಜಿನವರು: ಎಷ್ಟು ದಪ್ಪ?

ಕಪನೂರಿನಾಕೆ: ಆರು ಮಿಲಿಮೀಟರ್.

ಗಂಜಿನವರು: ಆರು ಮಿಲಿಮೀಟರಿಗೆ ಒಂದು ತಾಸು? ಅದು ಕಾಯೋದು ಎಂದೋ ಮುಗದಿರ್ತದ. ಉಳಿದ ಹೊತ್ತೆಲ್ಲಾ ಕಿಟ್ಟದ ಪಾಲು.

ಕಪನೂರಿನಾಕೆ: ಪುಸ್ತಕದಾಗೂ ಇಂಚಿಗೆ ಒಂದು ತಾಸು ಅಂತ ಅದ. ಅಂದ್ರ ನಮ್ಮದಕ್ಕ ಕಾಲು ತಾಸು ಸಾಕು. ಅಪ್ಪ ಹೆದರಿ ಒಂದು ತಾಸು ಮಾಡ್ಯಾರ. ಆದ್ರ ಇದರಾಗ ಒಂದು ಕೊಕ್ಕಿ ಅದ ಕಾಕಾ. ಹೊತ್ತು ಎರಡು ಪಟ್ಟಾದ್ರ ಕಿಟ್ಟ ಎರಡು ಪಟ್ಟಾಗಂಗಿಲ್ಲ. ಪದರು ದಪ್ಪಾದಂಗ ಕಬ್ಬಿಣ ನಡೆಯೋ ದಾರಿ ಉದ್ದ ಆಗ್ತದ, ಬೆಳವಣಿಗೆ ನಿಧಾನ ಆಗ್ತದ. ಹೊತ್ತು ನಾಲ್ಕು ಪಟ್ಟಾದ್ರ ದಪ್ಪ ಎರಡು ಪಟ್ಟು. ತಾಸು ಇದ್ದದ್ದು ಕಾಲು ತಾಸಿಗೆ ಇಳಿಸಿದ್ರೂ ಆ ಹೊತ್ತಿನ ಕಿಟ್ಟ ಅರ್ಧಕ್ಕ ಬರ್ತದ, ಕಾಲಕ್ಕ ಬರಂಗಿಲ್ಲ.

ಗಂಜಿನವರು: ಅರ್ಧ ಉಳಿಯೋದು ಸಣ್ಣದೇನು? ರೊಕ್ಕ ಕೊಡದ ಸಿಕ್ಕ ಅರ್ಧ. ಮತ್ತ ಕಾವು?

ಕಪನೂರಿನಾಕೆ: ಕಾವಿನದೇ ದೊಡ್ಡ ಆಟ. 900ರಿಂದ 1000ಕ್ಕ ಏರಿಸಿದ್ರ ಅಷ್ಟೇ ಹೊತ್ತಿನಾಗ ಪದರು ಹೆಚ್ಚುಕಡಿಮಿ ಎರಡು ಪಟ್ಟಾಗ್ತದ. ಹದಕ್ಕ 840 ಬೇಕಾದಾಗ 'ಇರ್ಲಿ ಒಂದಿಷ್ಟು ಜಾಸ್ತಿ' ಅಂತ 900 ಇಡೋದು ಸುಮ್ಮನ ಕಿಟ್ಟಕ್ಕ ಉಣಿಸಿದಂಗ.

ಗಂಜಿನವರು: ನನ್ನ ಕಡೆಯಿಂದ ಒಂದು ಸೇರಿಸ್ಕೊ. ಹೊರಗ ತೆಗದು, ಕಿಟ್ಟ ಉದುರಿಸಿ, 'ಹದ ಬಂದಿಲ್ಲ' ಅಂತ ಮತ್ತ ಒಳಗ ಇಟ್ರ?

ಕಪನೂರಿನಾಕೆ: ಮೊದಲಿನಿಂದ ಶುರು. ಮೈ ಬೆತ್ತಲಾಗಿರ್ತದ, ನಿಧಾನ ಮಾಡೋ ಪದರು ಹೋಗಿರ್ತದ.

ಗಂಜಿನವರು: ಅದಕ್ಕೇ ನನ್ನ ಅಪ್ಪ ಒಂದೇ ಕಾವಿನಾಗ ಎಷ್ಟು ಬಡೀಬಹುದೋ ಬಡದು ಮುಗಸ್ತಿದ್ದ. ಎಷ್ಟು ಸಲ ಕಾಯಿಸಿದಿ ಅಂತ ಲೆಕ್ಕ ಇಡು. ತಣ್ಣನ ಭಟ್ಟ್ಯಾಗ ಇಡೋದೂ ಬಿಡು. ಮೊದಲ ಭಟ್ಟಿ ಕಾಯಲಿ, ಆಮ್ಯಾಲ ಕುರ್ಚಗಿ ಒಳಗ ಹೋಗಲಿ. ಭಟ್ಟಿ ಮೆಲ್ಲಕ ಏರೋ ಮುಂದ ಉಕ್ಕು ಅದರ ಜೊತಿಗೆ ಗಾಳ್ಯಾಗ ಕೂತಿರ್ತದ.

ಕಪನೂರಿನಾಕೆ: ಮಿಲ್ಲಿನ ದಪ್ಪ ಶಾಫ್ಟ್ ಬಂದ್ರ ಹಂಗ ಒಮ್ಮಿಗೇ ಬೆಂಕ್ಯಾಗ ಇಡಲಿಕ್ಕ ಬರಂಗಿಲ್ಲ, ಸೀಳ್ತದ. ಅದಕ್ಕ ಮೆಲ್ಲಕೇ ಏರಿಸಬೇಕು. ತೆಳ್ಳನ ಕುರ್ಚಗಿಗೆ ನಡೀತದ.

ಗಂಜಿನವರು: ನಡೀತದ. ಇನ್ನ ಬಿದ್ದ ಕಿಟ್ಟಕ್ಕ ನನ್ನ ಉಪಾಯ ನಿನಗ ಗೊತ್ತದ. ಅಡಿಗಲ್ಲಿನ ಮ್ಯಾಲ ನೀರು ಚಿಮಕಿಸಿ, ಕೆಂಪನ ಉಕ್ಕಿಟ್ಟು ಸುತ್ತಿಗಿ ಹೊಡದ್ರ ಫಟ್ ಅಂತ ಹಬಿ ಎದ್ದು ಕಿಟ್ಟ ಹಾರ್ತದ.

ಕಪನೂರಿನಾಕೆ: ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಕಾರ್ಖಾನ್ಯಾಗೂ ನೀರಿನಿಂದಲೇ ಕಿಟ್ಟ ಹಾರಸ್ತಾರ. ಅವರ ನೀರಿನ ಒತ್ತಡ ಭಾಳ ದೊಡ್ಡದು ಅಷ್ಟೇ. 1,200 ಡಿಗ್ರಿ ಸುತ್ತ ಕಾದ ದಪ್ಪ ಚಪ್ಪಡಿ ಉರುಳಿಗೆ ಹೋಗೋ ಮೊದಲ ನೀರಿನ ಬಾಣ ಹೊಡದು ಮೈ ಸ್ವಚ್ಛ ಮಾಡ್ತಾರ. ಇಲ್ಲಂದ್ರ ಕಿಟ್ಟ ಉರುಳಿನಡಿ ಸಿಕ್ಕು ತಗಡಿನ ಮೈಗೆ ಒತ್ತಿ ಕೂಡ್ತದ. ಆದ್ರ ಕಾಕಾ, ಅದು ಬಂದದ್ದನ್ನ ತೆಗಿಯೋದು, ತಡೆಯೋದಲ್ಲ.

ಗಂಜಿನವರು: ಒಪ್ಪಿದೆ. ಅಷ್ಟು ದೊಡ್ಡ ಭಟ್ಟ್ಯಾಗ ಎಷ್ಟು ಹೋಗ್ತದ?

ಕಪನೂರಿನಾಕೆ: ಉರುಳು ಗಿರಣಿಗಳ ಭಟ್ಟ್ಯಾಗ ಸಾಮಾನ್ಯವಾಗಿ ನೂರಕ್ಕ ಒಂದರಿಂದ ಎರಡು ಭಾಗ ಅಂತಾರ. ಟನ್ನಿಗೆ ಹತ್ತು ಕಿಲೋದಿಂದ ಇಪ್ಪತ್ತು. ಕಿಟ್ಟದಾಗ ಏಳು ಆಣೆಗಿಂತ ಹೆಚ್ಚು ಕಬ್ಬಿಣ ಇರೋದರಿಂದ ದೊಡ್ಡವರು ಅದನ್ನ ಅದಿರಿನ ಜೊತಿಗೆ ಮತ್ತ ಕುಲುಮಿಗೆ ಹಾಕ್ತಾರ.

ಗಂಜಿನವರು: ಏಳು ಆಣೆ? ಹದಿನಾರು ಆಣ್ಯಾಗ ಏಳು ಅಂದ್ರ ಅರ್ಧನೂ ಇಲ್ಲ.

ಕಪನೂರಿನಾಕೆ: ನನಗ ಆಣೆ ಲೆಕ್ಕ ಬರಂಗಿಲ್ಲ ಬಿಡ್ರಿ. ನೂರಕ್ಕ ಎಪ್ಪತ್ತರ ಮ್ಯಾಲ. ನಾವು ನೀವು ಅದನ್ನ ಕಸಬಾರಿಗಿಲೆ ಗುಡಿಸಿ ಓಣಿಗೆ ಚೆಲ್ತೀವಿ.

ಗಂಜಿನವರು: ಅಡತಿಯವರು ಗಂಜಿನ್ಯಾಗ ನೆಲಕ್ಕ ಬಿದ್ದ ತೊಗರಿನೂ ಗುಡಿಸಿ ಚೀಲಕ್ಕ ಹಾಕ್ತಾರ. ನಮಗ ಆ ಬುದ್ಧಿ ಬಂದಿಲ್ಲ. ಇನ್ನೊಂದು ಕೇಳ್ತೀನಿ. ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿದ್ರ ಕಿಟ್ಟ ಒಂದೊಂದು ಸಲ ಅಂಟು ಹಿಡದಂಗ ಕೂತು ಬಿಡ್ತದ, ನೀರಿಗೂ ಹಾರಂಗಿಲ್ಲ. ಅದ್ಯಾಕ?

ಕಪನೂರಿನಾಕೆ: ಎಷ್ಟೋ ಪಟ್ಟ್ಯಾಗ ಸಿಲಿಕಾನ್ ಹೆಚ್ಚಿರ್ತದ. ಅದು ಕಬ್ಬಿಣದ ಆಕ್ಸೈಡ್ ಜೊತಿ ಕೂಡಿ ಫಯಲೈಟ್ ಆಗ್ತದ, 1,170 ಡಿಗ್ರಿ ಸುತ್ತ ಕರಗಿ ಉಕ್ಕಿನ ಮೈಯಾಗ ಬೇರು ಬಿಡ್ತದ. ಪಟ್ಟಿ ಬಿಳಿ ಆಗೋ ತನಕ ಕಾಯಿಸಬಾರದು, ಕಿತ್ತಳೆ ಬಣ್ಣಕ್ಕೇ ಬಡದು ಮುಗಸ್ರಿ.

ಗಂಜಿನವರು: ಇದು ಕೆಲಸದ ಮಾತು. ಈಗ ನಿನ್ನ ಕುರ್ಚಗಿ ಇಲ್ಲಿ ತಾ. ಕಾನಸ ಹಾಕಿ ನೋಡೋಣು.

ಕಪನೂರಿನಾಕೆ: ಯಾಕ್ರಿ? ಕಿಟ್ಟ ಉಜ್ಜಿ ತಂದೀನಿ, ಮೈ ಸ್ವಚ್ಛ ಅದ.

ಗಂಜಿನವರು: ಸ್ವಚ್ಛ ಅದ. ಕಾನಸ ಕಚ್ಚಲಿಕತ್ತದ ನೋಡು. ಹದ ಆದ ಉಕ್ಕಿನ ಮ್ಯಾಲ ಕಾನಸ ಜಾರಬೇಕು. ಇಲ್ಲಿ ಮ್ಯಾಲಿನ ತೊಗಲು ಮೆತ್ತಗದ, ಅದು ಹೋದ ಮ್ಯಾಲ ಜಾರತದ.

ಕಪನೂರಿನಾಕೆ: ಅಂದ್ರ ಕಾರ್ಬನ್ ಹೋಗೇದ. ಗಾಳಿ ಕಬ್ಬಿಣ ಒಂದನ್ನೇ ತಿನ್ನಂಗಿಲ್ಲ, ಮೈಗೆ ಹತ್ತಿದ ಕಾರ್ಬನ್ನೂ ಗ್ಯಾಸ್ ಆಗಿ ಹೋಗ್ತದ. ಕಾರ್ಬನ್ ಇಲ್ಲದ ತೊಗಲು ಎಣ್ಣ್ಯಾಗ ಅದ್ದಿದ್ರೂ ಗಟ್ಟಿ ಆಗಂಗಿಲ್ಲ.

ಗಂಜಿನವರು: ಕಿಟ್ಟ ಕಣ್ಣಿಗೆ ಕಾಣ್ತದ, ಇದು ಕಾಣಂಗಿಲ್ಲ. ಒಕ್ಕಲಿಗ ಹೊಲದಾಗ ಎರಡು ದಿವಸ ಕಳೆ ತೆಗದು, ಬಾಯಿ ಮಡಚಿದ ಕುರ್ಚಗಿ ತಂದು 'ಏನ್ ಕೊಟ್ಟಿರಿ' ಅಂದಾಗ ಗೊತ್ತಾಗ್ತದ. ನಾ ಕುರ್ಚಗಿ ಬಾಯಿ ಹದಕ್ಕಿಂತ ಮೊದಲ ದಪ್ಪನೇ ಬಿಡ್ತೀನಿ, ಹದ ಆದ ಮ್ಯಾಲ ಸಾಣಿ ಹಿಡೀತೀನಿ. ಮೆತ್ತನ ತೊಗಲು ಸಾಣ್ಯಾಗ ಹೋಗ್ತದ.

ಕಪನೂರಿನಾಕೆ: ನಾವು ಪೂರಾ ಚೂಪು ಮಾಡಿ ಆಮ್ಯಾಲ ಕಾಯಸ್ತೀವಿ. ಅದನ್ನ ಬದಲಾಯಿಸಬೇಕು. ಆದ್ರ ಒಂದು ಮಾತು ಕೇಳ್ರಿ: ಕಿಟ್ಟ ಬರದಂಗ ಮಾಡಿದ ಮಾತ್ರಕ್ಕ ಕಾರ್ಬನ್ ಉಳೀತದ ಅನ್ನಂಗಿಲ್ಲ. ತೇವ ಇದ್ದ ಹೈಡ್ರೋಜನ್ ಗ್ಯಾಸಿನಾಗ ಉಕ್ಕು ಬೆಳ್ಳಗ ಹೊಳೀತಾ ಹೊರಗ ಬರಬಹುದು, ತೊಗಲು ಮೆತ್ತಗಾಗಿರಬಹುದು. ಬೆಂಗಳೂರಿನ ಪೀಣ್ಯದಂಥ ಕಡೆ ಹದ ಹಾಕೋ ಕಾರ್ಖಾನ್ಯಾಗ ಅದಕ್ಕೇ ಗ್ಯಾಸ್ ಅಳದು ಬಿಡ್ತಾರ. ಎಂಡೋಗ್ಯಾಸ್ ಅಂತಾರ, ನೂರಕ್ಕ ಸುಮಾರು 40 ನೈಟ್ರೋಜನ್, 40 ಹೈಡ್ರೋಜನ್, 20 ಕಾರ್ಬನ್ ಮಾನಾಕ್ಸೈಡ್. ಉಕ್ಕಿನಾಗ ಎಷ್ಟು ಕಾರ್ಬನ್ ಅದನೋ ಅದಕ್ಕ ಸರಿಹೊಂದಂಗ ಇಡ್ತಾರ, ಹೋಗಲೂಬಾರದು, ಏರಲೂಬಾರದು.

ಗಂಜಿನವರು: ಅಷ್ಟು ದೊಡ್ಡ ಸರಂಜಾಮು ನಿನಗ ಬ್ಯಾಡ.

ಕಪನೂರಿನಾಕೆ: ನೈಟ್ರೋಜನ್ ಸಿಲಿಂಡರ್ ಹಚ್ಚೋಣ ಅಂತ ಅಪ್ಪ ಅಂತಾರ.

ಗಂಜಿನವರು: ಬಾಗಿಲ ಸಂದ್ಯಾಗ ಬೆರಳು ತೂರ್ತದ ಅಂತ ನೀನೇ ಹೋದ ಸಲ ಅಂದಿದ್ದಿ. ಸಿಲಿಂಡರಿನ ರೊಕ್ಕ ಓಣಿ ಗಾಳಿಗೆ ಹೋಗ್ತದ. ಮೊದಲ ಸಂದಿ ಮುಚ್ಚು.

ಕಪನೂರಿನಾಕೆ: ಇನ್ನೊಬ್ಬರು ಬಂದು ಹಚ್ಚೋ ಪೌಡರ್ ತೋರಿಸಿ ಹೋದ್ರು. ನೀರಾಗ ಕಲಸಿ ಬಳಿಯೋದು, ಕಾವಿಗೆ ಗಾಜಿನಂಗ ಕರಗಿ ಮೈ ಮುಚ್ಚತದ, ಎಣ್ಣ್ಯಾಗ ಅದ್ದಿದ್ರ ತಾನೇ ಸಿಡದು ಬೀಳ್ತದ ಅಂದ್ರು.

ಗಂಜಿನವರು: ಸುಳ್ಳಲ್ಲ ಅದು. ಆದ್ರ ಮೈಮ್ಯಾಲ ಎಣ್ಣಿ, ತುಕ್ಕು ಇದ್ರ ಹಿಡಿಯಂಗಿಲ್ಲ. ಎಲ್ಲಿ ಬಿಟ್ಟು ಹೋತೋ ಅಲ್ಲಿ ಕಿಟ್ಟ ಎದ್ದು, ಎಣ್ಣ್ಯಾಗ ಒಂದು ಕಡೆ ಜಲ್ದಿ ಒಂದು ಕಡೆ ಮೆಲ್ಲಕ ತಣ್ಣಗಾಗಿ ಹದ ತೇಪಿ ತೇಪಿ ಆಗ್ತದ. ನೂರು ಕುರ್ಚಗಿಗೆ ನೂರು ಸಲ ಬಳಿಯೋ ಆಳಿನ ಕೂಲಿ ಯಾರು ಕೊಡ್ತಾರ?

ಕಪನೂರಿನಾಕೆ: ನಿಮ್ಮ ಬಿಳಿಗಾರ?

ಗಂಜಿನವರು: ಕೊಡಲಿ ಬಾಯಿಗೆ ಉಕ್ಕು ಬೆಸೆಯೋ ಮುಂದ ಹಾಕ್ತೀನಿ. ಕರಗಿ ಕಿಟ್ಟನ ಹೊತ್ಕೊಂಡು ಹೊರಗ ಹರೀತದ, ಎರಡು ಮೈ ಸ್ವಚ್ಛ ಕೂಡ್ತಾವ. ನಿನ್ನ ಭಟ್ಟ್ಯಾಗ ಹಾಕಿದ್ರ ಕೆಳಗ ಸೋರಿ ಇಟ್ಟಂಗಿ ತಿಂತದ. ಬ್ಯಾಡ.

ಕಪನೂರಿನಾಕೆ: ಹಂಗಾದ್ರ ಡಬ್ಬಿ. ಮುಚ್ಚಳ ಇರೋ ಡಬ್ಬ್ಯಾಗ ಇದ್ದಿಲ ಪುಡಿ ತುಂಬಿ ಕುರ್ಚಗಿ ಹೂಳಿಡೋದು. ಒಳಗಿನ ಗಾಳಿ ಇದ್ದಿಲಿಗೆ ಹತ್ತಿ ಮುಗೀತದ, ನಿಮ್ಮ ಕೆಂಡದ ನಡುವಿನ ಜಾಗಾನೇ ಡಬ್ಬ್ಯಾಗ ಬರ್ತದ.

ಗಂಜಿನವರು: ಇದು ನಮ್ಮ ಹಳೇ ಮಂದಿಗೆ ಗೊತ್ತಿದ್ದ ಮಾತು. ಮಣ್ಣಿನ ಮೂಸ್ಯಾಗ ಕಬ್ಬಿಣ, ತಂಗಡಿ ಕಡ್ಡಿ, ಹಸಿ ಎಲಿ ಹಾಕಿ ಬಾಯಿ ಮಣ್ಣಿಲೆ ಮೆತ್ತಿ ಉಕ್ಕು ಮಾಡ್ತಿದ್ರಂತ.

ಕಪನೂರಿನಾಕೆ: 1800–01ರಾಗ ಮೈಸೂರು ಸೀಮಿ ಸುತ್ತಿದ ಫ್ರಾನ್ಸಿಸ್ ಬುಕನನ್ ಅದನ್ನ ಬರದಿಟ್ಟಾನ. ನಮ್ಮ ಹಳೇ ನಿಜಾಮ ರಾಜ್ಯದಾಗ, ಈಗಿನ ತೆಲಂಗಾಣದ ಕೋನಸಮುದ್ರಂನಾಗೂ ಮೂಸಿ ಉಕ್ಕು ಆಗ್ತಿತ್ತು, ಪರ್ಶಿಯಾದ ವ್ಯಾಪಾರಿಗಳು ಬಂದು ಒಯ್ತಿದ್ರು. ಅವರ ಉದ್ದೇಶ ಕಾರ್ಬನ್ ಒಳಗ ಸೇರಿಸೋದು, ನಮ್ಮದು ಇದ್ದದ್ದನ್ನ ಉಳಿಸ್ಕೊಳ್ಳೋದು. ಬಾಯಿಗೆ ಮಣ್ಣು ಮೆತ್ತೋದು ಮಾತ್ರ ಎರಡಕ್ಕೂ ಒಂದೇ.

ಗಂಜಿನವರು: ಒಂದು ತೊಂದ್ರಿ ಅದ. ಮುಚ್ಚಳ ಬಿಚ್ಚಿ, ಪುಡಿ ಕೆದರಿ ತೆಗಿಯೋದ್ರಾಗ ಕುರ್ಚಗಿ ತಣ್ಣಗಾತು ಅನ್ನು, ಹದ ಎಲ್ಲಿಂದ ಬರ್ತದ?

ಕಪನೂರಿನಾಕೆ: ನಿಲ್ಲಿಸಿ ಇಡ್ತೀನಿ. ಬಾಯಿ ಕೆಳಗ, ಹಿಡಿಕಿ ತುದಿ ಮ್ಯಾಲ. ಮುಚ್ಚಳ ಸರಿಸಿ ಇಕ್ಕಳದಿಂದ ಒಂದೊಂದೇ ಎಳದು ಎಣ್ಣಿಗೆ. ಉಳಿದವು ಇದ್ದಿಲಿನಾಗೇ ಇರ್ತಾವ. ಡಬ್ಬಿ ಕಾಯಲಿಕ್ಕ ಹೊತ್ತು ಹೆಚ್ಚು ಹಿಡೀತದ, ಅದು ಖರೆ. ಆದ್ರ ಗಾಳಿ ಇಲ್ಲದ ಕಡೆ ಹೊತ್ತು ಹೆಚ್ಚಾದ್ರ ಅಷ್ಟು ಹೆದರಬೇಕಿಲ್ಲ.

ಗಂಜಿನವರು: ಸಾದಾ ತಗಡಿನ ಡಬ್ಬಿ ಮಾಡಿದ್ರ ಡಬ್ಬೀನೇ ಕಿಟ್ಟ ಆಗಿ ಉದುರತದ.

ಕಪನೂರಿನಾಕೆ: ಕ್ರೋಮಿಯಂ ಹೆಚ್ಚಿರೋ ಸ್ಟೇನ್‌ಲೆಸ್ ಬೇಕು. ವಾಡಿ, ಸೇಡಂ ಸಿಮೆಂಟ್ ಕಾರ್ಖಾನ್ಯಾಗ ಕಾದ ಕ್ಲಿಂಕರ್ ತಡಕೊಳ್ಳೋ ಭಾಗ ಕ್ರೋಮಿಯಂ ಕೂಡಿಸಿ ಎರಕ ಹೊಯ್ದಿರ್ತಾರ. ಅವುಗಳ ಮೈಮ್ಯಾಲೂ ಆಕ್ಸೈಡ್ ಬರ್ತದ, ಆದ್ರ ಅದು ಗಟ್ಟಿಯಾಗಿ ಹತ್ತಿ ಕೂತು ಒಳಗಿನದನ್ನ ಕಾಯ್ತದ. ನನ್ನ ಭಟ್ಟಿ ಕಾಯಿಲ್ ಬದುಕಿರೋದೂ ಅಂಥಾ ಅಲ್ಯೂಮಿನಿಯಂ ಆಕ್ಸೈಡಿನ ತೊಗಲಿಂದ. ಅದಕ್ಕೇ ಇದ್ದಿಲು ಭಟ್ಟ್ಯಾಗ ಬಿಡಿಬಿಡಿ ಹಾಕಬಾರದು. ಆ ಹೊಗಿ ಕಾಯಿಲಿನ ತೊಗಲು ಕೆಡಸ್ತದ. ಡಬ್ಬ್ಯಾಗೇ ಇರಲಿ.

ಗಂಜಿನವರು: ಹಂಗಾದ್ರ ನಾಳೆ ಇಷ್ಟು ಮಾಡು. ಬಾಗಿಲಿಗೆ ಹೊಸಾ ಹಗ್ಗದ ಪಟ್ಟಿ ಹಚ್ಚು. ಕಾದ ಭಟ್ಟ್ಯಾಗ ಇಡು, ಕಾಲು ತಾಸಿಗೆ ತೆಗಿ, 840 ದಾಟಸಬ್ಯಾಡ. ಅದಕ್ಕೂ ಕಿಟ್ಟ ಹೆಚ್ಚನಿಸಿದ್ರ ಡಬ್ಬಿ ಮಾಡಿಸು. ಪೌಡರ್ ಮಾತು ಆಮ್ಯಾಲ, ಸಿಲಿಂಡರ್ ಮಾತು ಇನ್ನೂ ಆಮ್ಯಾಲ. ಎಲ್ಲಾ ಆದ ಮ್ಯಾಲೂ ಕಾನಸ ಹಾಕದ ಒಂದು ಕುರ್ಚಗಿನೂ ಗಿರಾಕಿಗೆ ಕೊಡಬ್ಯಾಡ.

ಕಪನೂರಿನಾಕೆ: ಸಂದಿ ಮುಚ್ಚಿದ ಮ್ಯಾಲ ಶೆಟರ್ ಕೂಡ ಇಳಿಸಿ ಕೆಲಸ ಮಾಡ್ತಾರ ನಮ್ಮ ಹುಡುಗ್ರು, ಧೂಳು ಬರ್ತದಂತ.

ಗಂಜಿನವರು: ಇದ್ದಿಲ ಡಬ್ಬಿ ಒಳಗ ಇಟ್ಟ ದಿವಸ ಅದು ನಡೆಯಂಗಿಲ್ಲ. ಹುಡುಗ್ರಿಗೆ ಹೊಡದಾದ್ರೂ ಹೇಳು.

ಅವರ ಈ ಕೊನೆಯ ಮಾತನ್ನು ಓದುಗರಿಗೂ ಹೇಳಬೇಕು. ಉಕ್ಕನ್ನು ಕಿಟ್ಟದಿಂದ ಕಾಯುವ ಅದೇ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಮನುಷ್ಯರನ್ನು ಕೊಲ್ಲುತ್ತದೆ. ಸಣ್ಣ ವರ್ಕ್‌ಶಾಪಿನಲ್ಲಿ ಇದ್ದಿಲು ತುಂಬಿ ಉಕ್ಕು ಕಾಯಿಸುವವರು ಶೆಟರ್ ಪೂರ್ತಿ ಎತ್ತಿಡಿ, ಎದುರುಬದುರು ಗಾಳಿಯಾಡುವಂತೆ ಕಿಟಕಿ ತೆರೆದಿಡಿ, ತಲೆ ಭಾರವಾದರೆ ಕೆಲಸ ಅಲ್ಲೇ ಬಿಟ್ಟು ಹೊರಗೆ ಬನ್ನಿ.